‘ಅಡ್ಡಿಲ್ಲ’ ಎಂದವರ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. ಒಂಬತ್ತು ವರ್ಷಗಳಿಂದ ಕ್ಲಾರಿನೆಟ್‌ನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಆಗಸ್ಟ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ಮೊದಲ ಪೂರ್ಣ ಕಛೇರಿ ನಡೆಯಿತು. ಒಂದೂವರೆ ಗಂಟೆ, ಪಿಟೀಲು ಮತ್ತು ಮೃದಂಗದ ಜೊತೆ. ಪ್ರಧಾನವಾಗಿ ಶಂಕರಾಭರಣ ನುಡಿಸಿದೆ. ಮುಗಿದ ಮೇಲೆ ಹೆಚ್ಚಿನವರು ‘ಅಡ್ಡಿಲ್ಲ’ ಎಂದರು. ಸಂಗೀತ ಬಲ್ಲ ಹಿರಿಯರೊಬ್ಬರು ಎಲ್ಲರೆದುರಿಗೇ ‘ಶ್ರುತಿ ಸೇರಲೇ ಇಲ್ಲ’ ಎಂದರು. ಇನ್ನೊಬ್ಬರು ‘ಬ್ಯಾಂಡ್ ಸೆಟ್ ನೆನಪಾಯಿತು’ ಎಂದು ನಕ್ಕರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳುಗಳ ಮಳೆ. ಮೂರು ವಾರಗಳಿಂದ ವಾದ್ಯದ ಪೆಟ್ಟಿಗೆ ತೆರೆಯಲು ಮನಸ್ಸಾಗಿಲ್ಲ; ಕಛೇರಿಯ ರೆಕಾರ್ಡಿಂಗನ್ನೂ ಕೇಳಿಲ್ಲ. ಈ ನಡುವೆ ನಮ್ಮ ಗುರುಗಳ ಬಳಿಯೇ ಕಲಿಯುವ ಹುಡುಗಿಯೊಬ್ಬಳು ಮುಂದಿನ ತಿಂಗಳು ಮೊದಲ ಸಲ ವೇದಿಕೆ ಏರುತ್ತಾಳೆ. ‘ಅಣ್ಣ, ನೀವು ಕೂತು ಕೇಳಿ ತಪ್ಪು ಹೇಳಬೇಕು’ ಎಂದಿದ್ದಾಳೆ. ನನಗೆ ಬಂದ ಮಾತುಗಳನ್ನು ಹೇಗೆ ತೆಗೆದುಕೊಳ್ಳಲಿ? ಅವಳಿಗೆ ಏನು ಹೇಳಲಿ?

ಉತ್ತರ: ಪೆಟ್ಟಿಗೆಯನ್ನು ಇವತ್ತೇ ತೆರೆಯಿರಿ. ಸಂಗೀತದ ಕಾರಣಕ್ಕಲ್ಲ, ಮಳೆಗಾಲದ ಕಾರಣಕ್ಕೆ. ಮಲೆನಾಡಿನ ಮಳೆಯಲ್ಲಿ ಮೂರು ವಾರ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ರೀಡಿಗೆ (ತುಟಿಗೆ ಹಿಡಿದು ಊದುವ ಜೊಂಡಿನ ಪಟ್ಟಿಗೆ) ಬೂಷ್ಟು ಹಿಡಿದಿರುತ್ತದೆ, ಕೀಲಿಗಳ ಪ್ಯಾಡುಗಳು ರಂಧ್ರಕ್ಕೆ ಅಂಟಿಕೊಂಡಿರುತ್ತವೆ. ಒಳಗೆ ಬಟ್ಟೆ ಎಳೆದು ಒರೆಸಿ, ಹಳೆಯ ರೀಡನ್ನು ಎಸೆದು, ವಾದ್ಯವನ್ನು ಒಂದು ಗಂಟೆ ಗಾಳಿಯಾಡುವ ಕಡೆ ಇಡಿ. ಬಿಸಿಲು ಬಂದಿತೆಂದು ಅಂಗಳದಲ್ಲಿ ಮಾತ್ರ ಇಡಬೇಡಿ, ಮರದ ವಾದ್ಯವಾದರೆ ಬಿರುಕು ಬಿಡುತ್ತದೆ. ಅದು ಆರುವಷ್ಟು ಹೊತ್ತಿನಲ್ಲಿ ಇದನ್ನು ಓದಿ ಮುಗಿಸಬಹುದು.

ಮೊದಲು ‘ಅಡ್ಡಿಲ್ಲ’. ನೀವು ಅದನ್ನು ಬೇಸರದಿಂದ ಬರೆದಂತಿದೆ. ನಮ್ಮ ಸೀಮೆಯಲ್ಲೇ ಹುಟ್ಟಿ ಬೆಳೆದವರು ಹೀಗೆ ಬೇಸರಪಡಬಾರದು. ಮದುವೆಯ ಊಟ ಅಮೃತದಂತಿದ್ದರೂ ಇಲ್ಲಿ ‘ಅಡ್ಡಿಲ್ಲ’. ಮಗಳು ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗಳಾದರೂ ‘ಅಡ್ಡಿಲ್ಲ’. ನಮ್ಮವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದು ಶ್ರದ್ಧಾಂಜಲಿ ಸಭೆಯಲ್ಲಿ ಮಾತ್ರ. ಹೆದರಬೇಕಾದ ಮಾತುಗಳು ಬೇರೆ. ‘ಬಹಳ ಶ್ರಮಪಟ್ಟಿದ್ದೀರಿ’ ಎಂದರೆ ಆ ಶ್ರಮ ಅವರಿಗೂ ತಟ್ಟಿದೆ ಎಂದರ್ಥ. ‘ಎಲ್ಲ ಚೆನ್ನಾಗಿತ್ತು, ಮೈಕ್ ಒಂದು ಸರಿ ಇದ್ದಿದ್ದರೆ’ ಎಂದವರಿಗೆ ಏನೋ ಕಿವಿಗೆ ಚುಚ್ಚಿದೆ, ನಿಮ್ಮ ಮುಖ ನೋಡಿ ತಪ್ಪನ್ನು ಮೈಕಿನ ಮೇಲೆ ಹಾಕಿದ್ದಾರೆ. ‘ಈ ಹೊತ್ತಿಗೆ ನಿಮ್ಮ ಊರಿಗೆ ಬಸ್ ಇದೆಯಾ?’ ಎಂದು ಕೇಳಿದವರ ಬಗ್ಗೆ ನಾನು ಹೇಳಬೇಕಾದ್ದಿಲ್ಲ.

ಆದರೆ ಈ ಯಾವ ಮಾತೂ ಮರುದಿನದ ಸಾಧಕಕ್ಕೆ, ಎಂದರೆ ಅಭ್ಯಾಸಕ್ಕೆ, ಉಪಯೋಗಕ್ಕೆ ಬರುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯನ್ನು ನೆನಪಿಸಿಕೊಳ್ಳಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆಯುವವರು, ಎರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡುವವರು ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ದರ್ಜೆ ಹೇಳುತ್ತಾರೆ. ಒಣಗಿದ್ದು ಸಾಲದು ಎಂದರೆ ಯಾವ ಚೀಲದ್ದು ಸಾಲದು ಎಂದು ತೋರಿಸುತ್ತಾರೆ. ‘ಚೆನ್ನಾಗಿದೆ’ ಎಂಬ ಮಾತಿನ ಮೇಲೆ ಅಲ್ಲಿ ಯಾರೂ ಧಾರಣೆ ಕಟ್ಟುವುದಿಲ್ಲ, ‘ಚೆನ್ನಾಗಿಲ್ಲ’ ಎಂಬ ಮಾತಿಗೆ ಯಾರೂ ಚೀಲ ವಾಪಸ್ ಒಯ್ಯುವುದಿಲ್ಲ. ಕಛೇರಿಯ ಬಗ್ಗೆ ಬಂದ ಮಾತಿಗೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ?

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ‘ಶ್ರುತಿ ಸೇರಲೇ ಇಲ್ಲ.’ ನಿಮ್ಮ ನಿದ್ದೆ ಕೆಡಿಸಿದ್ದು ಇದೇ ಎಂದು ಗೊತ್ತಾಗುತ್ತದೆ. ನೀವು ಪತ್ರದಲ್ಲಿ ಬರೆಯದೆ ಬಿಟ್ಟದ್ದು ಏನೆಂದರೆ, ಅವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಎದ್ದರು, ಎಲ್ಲಿ ಕುಳಿತಿದ್ದರು ಎಂಬುದು. ಕ್ಲಾರಿನೆಟ್‌ನ ಮಟ್ಟಿಗೆ ಇದು ಬಹಳ ಮುಖ್ಯ. ಈ ವಾದ್ಯದಲ್ಲಿ ಶ್ರುತಿ ತಪ್ಪುವುದಕ್ಕೆ ಕನಿಷ್ಠ ಅರ್ಧ ಡಜನ್ ದಾರಿಗಳಿವೆ. ಒಂದೊಂದಕ್ಕೂ ಮದ್ದು ಬೇರೆ.

ಮಳೆಗಾಲದ ಸಂಜೆ, ತಣ್ಣಗಿನ ಸಭಾಂಗಣ. ಪೆಟ್ಟಿಗೆಯಿಂದ ತೆಗೆದ ವಾದ್ಯವೂ ತಣ್ಣಗಿರುತ್ತದೆ. ಕೊಳವೆಯೊಳಗಿನ ಗಾಳಿ ತಣ್ಣಗಿದ್ದರೆ ಸ್ವರ ಕೆಳಗೆ ಇಳಿದಿರುತ್ತದೆ. ಊದುತ್ತಾ ಹೋದಂತೆ ಉಸಿರಿನ ಬಿಸಿಗೆ, ಜನ ತುಂಬಿದಂತೆ ಸಭಾಂಗಣದ ಬಿಸಿಗೆ ಸ್ವರ ಮೇಲೇರುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಸ್ವರದ ಲೆಕ್ಕದಲ್ಲಿ ಇದು ಸುಮಾರು 3 ಸೆಂಟ್. ಅರ್ಧ ಸ್ವರಕ್ಕೆ 100 ಸೆಂಟ್. ಕೇಳುವಾಗ ಸಣ್ಣದು, ಆದರೆ ಐದಾರು ಡಿಗ್ರಿ ಏರಿದರೆ ಬಲ್ಲವರ ಕಿವಿಗೆ ಮುಳ್ಳು. ನಿಮ್ಮ ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗೆ ಚಳಿಯೂ ಇಲ್ಲ, ಸೆಖೆಯೂ ಇಲ್ಲ; ಅದು ಇದ್ದಲ್ಲೇ ಇರುತ್ತದೆ. ಹಾಗಾಗಿ ಆ ಹಿರಿಯರು ಮೊದಲ ಇಪ್ಪತ್ತು ನಿಮಿಷ ಕೇಳಿ ಹೇಳಿದ್ದರೆ ನೀವು ಕೆಳಗಿದ್ದಿರಿ. ಕೊನೆಯ ಭಾಗ ಕೇಳಿ ಹೇಳಿದ್ದರೆ ಮೇಲಿದ್ದಿರಿ. ಮೊದಲನೆಯದಕ್ಕೆ ಮದ್ದು, ವೇದಿಕೆಗೆ ಹೋಗುವ ಮುನ್ನ ಹತ್ತು ಹದಿನೈದು ನಿಮಿಷ ಮೆಲ್ಲನೆ ಊದಿ ವಾದ್ಯ ಬೆಚ್ಚಗಾದ ಮೇಲೆಯೇ ಶ್ರುತಿ ಕೂಡಿಸುವುದು. ಎರಡನೆಯದಕ್ಕೆ, ಎರಡು ಕೃತಿಗಳ ನಡುವೆ ಬ್ಯಾರಲನ್ನು, ಎಂದರೆ ಬಾಯಿಗಿಡುವ ತುದಿಯ ಕೆಳಗಿನ ಗಿಡ್ಡ ಕೊಳವೆಯನ್ನು, ಕೂದಲೆಳೆಯಷ್ಟು ಹೊರಗೆ ಎಳೆಯುವುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೃದಂಗದವರು ಸಭೆಯೆದುರಿಗೇ ಗುಂಡುಕಲ್ಲು ಹಿಡಿದು ಶ್ರುತಿ ಮಾಡಿಕೊಳ್ಳುವುದಿಲ್ಲವೇ?

ಇನ್ನೊಂದು ದಾರಿ ಹೆದರಿಕೆಯದು. ಮೊದಲ ಕಛೇರಿಯಲ್ಲಿ ಬಾಯಿ ಒಣಗುತ್ತದೆ, ದವಡೆ ಬಿಗಿಯಾಗುತ್ತದೆ, ಮೌತ್‌ಪೀಸನ್ನು ಕಚ್ಚುತ್ತೇವೆ. ಕಚ್ಚಿದರೆ ಸ್ವರ ಮೇಲೇರಿ ನಾದ ಸೊರಗುತ್ತದೆ. ಮತ್ತೊಂದು ದಾರಿ ಬಲದ್ದು. ಕೊಳಲು ಜೋರಾಗಿ ಊದಿದರೆ ಸ್ವರ ಮೇಲೇರುತ್ತದೆ. ಕ್ಲಾರಿನೆಟ್‌ನಲ್ಲಿ ಇದು ಉಲ್ಟಾ. ಜೋರಾದರೆ ಇಳಿಯುತ್ತದೆ, ಮೆಲ್ಲಗಾದರೆ ಏರುತ್ತದೆ. ಆಲಾಪನೆಯ ಕೊನೆಯಲ್ಲಿ ತಾರ ಷಡ್ಜವನ್ನು ಮೆಲ್ಲನೆ ಕರಗಿಸುತ್ತಾ ಹೋದಾಗ ಅದು ಶ್ರುತಿಯಿಂದ ಮೇಲೆ ತೇಲಿಹೋಗುವುದು ಹೊಸಬರಿಗೆ ತಾವಾಗಿಯೇ ಗೊತ್ತಾಗುವುದಿಲ್ಲ. ಬೆರಳುಗಳೆಲ್ಲ ಬಹುತೇಕ ಎದ್ದಿರುವಾಗ ಬರುವ ನಡುವಿನ ಸ್ವರಗಳಂತೂ ಹುಟ್ಟಾ ಚಂಚಲ.

ಇದಲ್ಲದೆ ಈ ವಾದ್ಯಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಕೊಳಲು, ನಾಗಸ್ವರ, ಸ್ಯಾಕ್ಸೊಫೋನ್ ಕೇಳಿ ಬೆಳೆದವರಿಗೆ ಇದು ತಿಳಿದಿರುವುದಿಲ್ಲ. ಅವುಗಳಲ್ಲಿ ಅದೇ ಬೆರಳುಗಾರಿಕೆಯಲ್ಲಿ ಮೇಲಕ್ಕೆ ಹಾರಿದರೆ ಅದೇ ಸ್ವರದ ಮೇಲಿನ ಸ್ಥಾಯಿ ಸಿಗುತ್ತದೆ. ಕ್ಲಾರಿನೆಟ್‌ನ ಕೊಳವೆ ಸಮಗಾತ್ರದ್ದು, ರೀಡಿನ ಕಡೆ ಮುಚ್ಚಿದಂತೆ ವರ್ತಿಸುವಂಥದ್ದು. ಹೀಗಾಗಿ ಷಡ್ಜ ಹಿಡಿದು ವಾದ್ಯದ ಹಿಂಬದಿಯ ಕೀಲಿ ಒತ್ತಿದರೆ ಮೇಲಿನ ಷಡ್ಜವಲ್ಲ, ಅದಕ್ಕೂ ಮೇಲಿನ ಪಂಚಮ ಬರುತ್ತದೆ. ಎಂದರೆ ಮಧ್ಯ ಸ್ಥಾಯಿಯ ಬೆರಳೇ ಬೇರೆ, ತಾರ ಸ್ಥಾಯಿಯ ಬೆರಳೇ ಬೇರೆ. ನಡುವೆ ಒಂದು ಹೊಳೆ ದಾಟಿದ ಹಾಗೆ ದಾಟಬೇಕು. ಆ ದಾಟಿನಲ್ಲಿ ಸ್ವಲ್ಪ ತಡವರಿಸಿದರೂ ಕೇಳುವವರಿಗೆ ಅದು ‘ಶ್ರುತಿ ತಪ್ಪಿತು’ ಎಂದೇ ಕೇಳಿಸಬಹುದು. ತಪ್ಪಿದ್ದು ಶ್ರುತಿಯಲ್ಲ, ಬೆರಳು.

ಹೀಗಾಗಿ ಆ ಹಿರಿಯರ ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಕಿವಿ ಇರುವವರಿಗೆ ಏನೋ ಸರಿಯಿಲ್ಲ ಎಂದು ಕೇಳಿಸಿದರೆ ಬಹುಮಟ್ಟಿಗೆ ಅಲ್ಲಿ ಏನೋ ಸರಿಯಿರುವುದಿಲ್ಲ. ಅದಕ್ಕೆ ಅವರು ಕೊಡುವ ಹೆಸರು, ಹೇಳುವ ಕಾರಣ, ಸೂಚಿಸುವ ಔಷಧ ಮಾತ್ರ ಒಂದೊಂದು ಮೆಟ್ಟಿಲು ಇಳಿದಂತೆ ಸಂಶಯಾಸ್ಪದವಾಗುತ್ತಾ ಹೋಗುತ್ತದೆ. ‘ರೀಡ್ ಬದಲಾಯಿಸಿ’ ಎಂಬ ಸಲಹೆಯನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಹಾಗೆಂದವರಲ್ಲಿ ನನ್ನ ರೀಡ್ ಎಷ್ಟನೆಯ ನಂಬರಿನದು ಎಂದು ಕೇಳಿದವರು ಇಬ್ಬರೇ.

ಇನ್ನು ‘ಬ್ಯಾಂಡ್ ಸೆಟ್’. ಇದಕ್ಕೆ ನೀವು ನೊಂದುಕೊಂಡಿದ್ದೀರಿ. ನಾನು ಬ್ಯಾಂಡ್ ಸೆಟ್‌ನಿಂದಲೇ ಬಂದವನಾದ್ದರಿಂದ ನನಗೆ ಅದು ಬೈಗುಳವಾಗಿ ಕೇಳಿಸುವುದೇ ಇಲ್ಲ. ಜರ್ಮನಿಯ ನ್ಯೂರೆಂಬರ್ಗಿನ ವಾದ್ಯ ತಯಾರಕ ಡೆನ್ನರ್ 1700ರ ಸುಮಾರಿಗೆ ರೂಪಿಸಿದ ವಾದ್ಯ ನಮ್ಮ ದೇಶದೊಳಗೆ ನಡೆದು ಬಂದದ್ದೇ ಸೇನೆಯ, ಅರಮನೆಗಳ ಬ್ಯಾಂಡುಗಳ ಜೊತೆ. ಅಲ್ಲಿಂದ ಮದುವೆ ದಿಬ್ಬಣಕ್ಕೂ ಬಂತು, ಕಛೇರಿಗೂ ಬಂತು. ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಅವರು ಅದನ್ನು ಕರ್ನಾಟಕ ಸಂಗೀತದ ಮುಂಚೂಣಿಗೆ ತಂದು ಕೂರಿಸಿದರು. ನಮ್ಮ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿಯನ್ನು ಅದರಲ್ಲಿ ನುಡಿಸಿ ತೋರಿಸಿದರು. ಆದ್ದರಿಂದ ವಂಶಾವಳಿಯ ಬಗ್ಗೆ ಸಂಕೋಚ ಬೇಡ. ಆದರೆ ಆ ನಗುವಿನೊಳಗೆ ಒಂದು ಸುದ್ದಿ ಇದೆಯೇ ಎಂದು ನೋಡಿ. ‘ಬ್ಯಾಂಡಿನ ಹಾಗೆ’ ಎಂದು ಜನ ಹೇಳುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ: ಇಡೀ ಕೃತಿ ಒಂದೇ ಬಲದಲ್ಲಿ ಸಾಗಿದಾಗ, ಅಥವಾ ಪ್ರತಿ ಸ್ವರವನ್ನೂ ನಾಲಿಗೆಯಿಂದ ಕತ್ತರಿಸಿದಾಗ. ಸಾಹಿತ್ಯದ ಅಕ್ಷರ ಬಿದ್ದಲ್ಲಿ ನಾಲಿಗೆ ಬೇಕು. ಗಮಕದಲ್ಲಿ, ಎಂದರೆ ಸ್ವರವನ್ನು ತೂಗಿ ಜಾರಿಸುವಲ್ಲಿ, ಬೆರಳು ಜಾರಬೇಕು, ನಾಲಿಗೆ ಸುಮ್ಮನಿರಬೇಕು. ನಿಮ್ಮದು ರಂಧ್ರಗಳ ಸುತ್ತ ಉಂಗುರವಿರುವ ಬೋಹ್ಮ್ ಪದ್ಧತಿಯ ವಾದ್ಯವಾದರೆ ಬೆರಳು ಜಾರಿಸುವುದು ಇನ್ನೂ ಕಷ್ಟ. ಆಗ ಗೊತ್ತಿಲ್ಲದೆಯೇ ನಾಲಿಗೆ ಆ ಕೆಲಸಕ್ಕೆ ಇಳಿಯುತ್ತದೆ. ರೆಕಾರ್ಡಿಂಗ್‌ನಲ್ಲಿ ಇದನ್ನು ಐದು ನಿಮಿಷದಲ್ಲಿ ಪತ್ತೆ ಮಾಡಬಹುದು.

ಮೈಕಿನ ಬಗ್ಗೆಯೂ ಒಂದು ಮಾತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಿಜ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಧ್ವನಿವರ್ಧಕದವರು ಕ್ಲಾರಿನೆಟ್ ಕಂಡ ಕೂಡಲೇ ಮೈಕನ್ನು ತಂದು ಅದರ ಗಂಟೆಯಾಕಾರದ ತುದಿಗೆ ಹಿಡಿಯುತ್ತಾರೆ. ಬಹುಪಾಲು ಸ್ವರಗಳಲ್ಲಿ ನಾದ ಹೊರಡುವುದು ತೆರೆದಿರುವ ರಂಧ್ರಗಳಿಂದ. ತುದಿಯಿಂದಲೇ ಪೂರ್ತಿ ಹೊರಡುವುದು ಎಲ್ಲ ರಂಧ್ರ ಮುಚ್ಚಿದಾಗ ಮಾತ್ರ. ತುದಿಗೆ ಮೈಕ್ ಇಟ್ಟರೆ ತಗ್ಗಿನ ಒಂದೆರಡು ಸ್ವರ ಗುಡುಗಿ ಉಳಿದವು ದೂರದಲ್ಲಿ ಕೇಳಿಸುತ್ತವೆ. ಮೈಕ್ ವಾದ್ಯದ ನಡುಭಾಗಕ್ಕೆ ಮುಖ ಮಾಡಿ ಒಂದಡಿ ದೂರದಲ್ಲಿರಲಿ. ಅಂದ ಹಾಗೆ, ಅವರ ಭಾಷೆಯಲ್ಲಿ ‘ಫೀಡ್‌ಬ್ಯಾಕ್’ ಎಂದರೆ ಸ್ಪೀಕರಿನಿಂದ ಬಂದ ಸದ್ದು ತಿರುಗಿ ಮೈಕಿಗೇ ನುಗ್ಗಿ ‘ಕೂಯ್’ ಎಂದು ಕಿರುಚುವುದು. ಕಛೇರಿ ಮುಗಿದ ಎರಡೇ ನಿಮಿಷಕ್ಕೆ ವೇದಿಕೆಯ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳುವ ಅಭಿಪ್ರಾಯಕ್ಕೂ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ನನಗೆ ಒಮ್ಮೆ ವಂದನಾರ್ಪಣೆಯಲ್ಲಿಯೇ ವಿಮರ್ಶೆ ಆಗಿದೆ. ಹಾರ ಹಾಕಿದವರೇ ಮೈಕ್ ಹಿಡಿದು ‘ಕಲಾವಿದರು ಇನ್ನೂ ಸಾಧನೆ ಮಾಡಬೇಕು’ ಎಂದರು. ಹಾರದಲ್ಲಿ ಇರುವೆ ಇದ್ದವು. ಎರಡರಲ್ಲಿ ಯಾವುದು ಹೆಚ್ಚು ಕಚ್ಚಿತು ಎಂದು ಈಗ ನೆನಪಿಲ್ಲ.

ಅದಕ್ಕಿಂತ ಹಳೆಯದೊಂದು ಮಾತು ಮಾತ್ರ ಸ್ಪಷ್ಟವಾಗಿ ನೆನಪಿದೆ. ಕೊಪ್ಪದ ಕಡೆಯ ಒಂದು ಊರಿನಲ್ಲಿ ಗಣಪತಿ ಹಬ್ಬದ ಕಛೇರಿ. ಮುಂದಿನ ಸಾಲಿನಲ್ಲಿದ್ದ ವಿದ್ವಾಂಸರೊಬ್ಬರು ನನ್ನ ಕಲ್ಯಾಣಿಯನ್ನು ಬಾಯ್ತುಂಬ ಹೊಗಳಿದರು. ಅವರು ಹೊಗಳಿದ್ದು ಏನನ್ನು ಎಂಬುದು ಒಂದಕ್ಷರವೂ ನೆನಪಿಲ್ಲ. ಆಮೇಲೆ ಊಟಕ್ಕೆ ಕುಳಿತಾಗ ಸಾರು ಬಡಿಸಲು ಬಂದ ಅಡುಗೆಯವರು ನಿಂತು, ‘ನಾನು ಒಲೆ ಪಕ್ಕದಿಂದ ನೋಡುತ್ತಿದ್ದೆ. ಪ್ರತಿ ಸಲ ಊದುವ ಮುಂಚೆ ನಿಮ್ಮ ಹೆಗಲು ಕಿವಿಯ ಹತ್ತಿರ ಹೋಗುತ್ತದೆ. ಊದುಗೊಳವೆಯಲ್ಲಿ ಹಾಗೆ ಊದಿದರೆ ಬೆಂಕಿ ಹತ್ತುವುದಿಲ್ಲ, ನಮಗೇ ತಲೆ ಸುತ್ತುತ್ತದೆ’ ಎಂದರು. ಸೌಟಿನಿಂದ ತಮ್ಮ ಹೊಟ್ಟೆ ಮುಟ್ಟಿ ತೋರಿಸಿ, ‘ಇಲ್ಲಿಂದ’ ಎಂದು ಮುಂದಿನ ಎಲೆಗೆ ಹೋದರು. ಅವರಿಗೆ ಕಲ್ಯಾಣಿ ಯಾವುದು, ಮೋಹನ ಯಾವುದು ಎಂದು ತಿಳಿದಿರಲಿಲ್ಲ. ಆದರೆ ಮೂವತ್ತು ವರ್ಷ ಒಲೆ ಊದಿದ್ದರು. ಅನುಪಲ್ಲವಿಯ ಉದ್ದ ಸಾಲುಗಳಲ್ಲಿ ನನಗೆ ಉಸಿರು ಸಾಲದೆ ಸ್ವರ ಅಲುಗುತ್ತಿದ್ದುದಕ್ಕೆ ಕಾರಣ ಅದೇ. ಸರಿಪಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಯಾರು ಹೇಳಿದರು ಎಂಬುದಕ್ಕಿಂತ, ಅವರು ಏನನ್ನು ನೋಡಿ ಹೇಳಿದರು ಎಂದು ನಾನು ಕೇಳಲು ಕಲಿತದ್ದು ಆ ಪಂಕ್ತಿಯಲ್ಲಿ.

ಇನ್ನು ಕೆಲಸದ ಮಾತು. ರೆಕಾರ್ಡಿಂಗ್ ಕೇಳಿ, ಆದರೆ ಮೊದಲು ಒಂದು ಹಾಳೆಯಲ್ಲಿ ನಿಮ್ಮ ನೆನಪಿನ ಕಛೇರಿಯನ್ನು ಬರೆಯಿರಿ: ಎಲ್ಲಿ ಹಾಯೆನಿಸಿತು, ಎಲ್ಲಿ ಕೈ ಬೆವರಿತು, ಎಲ್ಲಿ ಪಿಟೀಲಿನವರು ನಿಮ್ಮ ಕಡೆ ತಿರುಗಿ ನೋಡಿದರು. ಆಮೇಲೆ ಕೇಳಿ ಹೋಲಿಸಿ. ನುಡಿಸುವವನಿಗೆ ತನ್ನ ನಾದ ಸಭಿಕರಿಗೆ ಕೇಳಿದಂತೆ ಎಂದೂ ಕೇಳುವುದಿಲ್ಲ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂತಿರುತ್ತದೆ, ಅರ್ಧ ಸದ್ದು ತಲೆಬುರುಡೆಯ ಮೂಲಕವೇ ಕಿವಿಗೆ ಬರುತ್ತದೆ. ಹಾಗಾಗಿ ನಿಮ್ಮ ನೆನಪಿಗೂ ರೆಕಾರ್ಡಿಂಗಿಗೂ ನಡುವೆ ಕಂಡ ಅಂತರವೇ ಈ ಇಡೀ ವ್ಯವಹಾರದಲ್ಲಿ ನಿಮಗೆ ಸಿಗುವ ಅತಿ ದೊಡ್ಡ ಪಾಠ. ಆದರೆ ಮೊಬೈಲಿನ ಮಾತನ್ನೂ ವೇದವಾಕ್ಯ ಮಾಡಿಕೊಳ್ಳಬೇಡಿ. ಸಾಮಾನ್ಯ ಮೊಬೈಲುಗಳು ಜೋರನ್ನು ತಗ್ಗಿಸಿ ಮೆಲುವನ್ನು ಏರಿಸಿ ಎಲ್ಲವನ್ನೂ ಸಮತಟ್ಟು ಮಾಡಿ ಹಿಡಿಯುತ್ತವೆ. ಅದರಲ್ಲಿ ಏರಿಳಿತ ಕೇಳಿಸದಿದ್ದರೆ ನೀವು ಏರಿಳಿತವೇ ಮಾಡಲಿಲ್ಲ ಎಂದು ತೀರ್ಮಾನಿಸಬಾರದು.

ಶ್ರುತಿ ಪರೀಕ್ಷಿಸಲು ಮೊಬೈಲಿನ ಟ್ಯೂನರ್ ಹಾಕುವ ಆಸೆ ನಿಮಗೆ ಬಂದೇ ಬರುತ್ತದೆ. ಉದ್ದಕ್ಕೆ ನಿಂತ ಷಡ್ಜ, ಪಂಚಮಗಳ ಮೇಲೆ ಮಾತ್ರ ಹಾಕಿ. ಗಮಕದ ಮೇಲೆ ಹಾಕಿದರೆ ಮುಳ್ಳು ಹುಚ್ಚು ಹಿಡಿದಂತೆ ಕುಣಿಯುತ್ತದೆ, ನಿಮಗೂ ಹಿಡಿಸುತ್ತದೆ. ಶಂಕರಾಭರಣದ ಗಾಂಧಾರದ ಮೇಲಂತೂ ಹಾಕಲೇಬೇಡಿ. ತಂಬೂರಿಯೊಂದಿಗೆ ಸೊಗಸಾಗಿ ಕೂಡುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ದೂರದಲ್ಲಿದೆ. ಟ್ಯೂನರ್ 400 ಇರಬೇಕು ಎನ್ನುತ್ತದೆ. ಸರಿಯಾಗಿ ನುಡಿಸಿದ ಗಾಂಧಾರವನ್ನು ಅದು 14 ಸೆಂಟ್ ಕಡಿಮೆ ಎಂದು ತೋರಿಸುತ್ತದೆ. ನನ್ನ ಶಿಷ್ಯನೊಬ್ಬ ಅದನ್ನು ನಂಬಿ ಆರು ತಿಂಗಳು ಒಳ್ಳೆಯ ಗಾಂಧಾರವನ್ನು ಕೆಡಿಸಿಕೊಂಡ.

ಇಷ್ಟಾದ ಮೇಲೆ ಆ ಹಿರಿಯರ ಮನೆಗೆ ಹೋಗಿ. ಫೋನ್ ಮಾಡಿ ಕೇಳಬೇಡಿ, ಹೋಗಿ. ‘ನೀವು ಅವತ್ತು ಹೇಳಿದ್ದು ಯಾವ ಜಾಗ ಎಂದು ತಿಳಿಯಬೇಕಿತ್ತು’ ಎಂದು ರೆಕಾರ್ಡಿಂಗ್ ಮುಂದಿಡಿ. ಎರಡರಲ್ಲಿ ಒಂದಾಗುತ್ತದೆ. ಅವರು ಕಣ್ಣು ಮುಚ್ಚಿ ಕೇಳಿ ‘ಇಲ್ಲಿ’ ಎಂದು ಬೆರಳೆತ್ತಿದರೆ ನಿಮಗೆ ಒಬ್ಬ ಗುರು ಸಿಕ್ಕರು. ಎಲ್ಲರೆದುರು ಹೇಳಿದ ಒರಟುತನವನ್ನು ಅಲ್ಲೇ ಮರೆತುಬಿಡಿ. ‘ಒಟ್ಟಾರೆ ಹೇಳಿದ್ದು’ ಎಂದು ಮಾತು ಬೇರೆ ಕಡೆ ತಿರುಗಿಸಿದರೆ ಕಾಫಿ ಕುಡಿದು, ನಮಸ್ಕಾರ ಮಾಡಿ, ನಿಶ್ಚಿಂತೆಯಿಂದ ಮನೆಗೆ ಬನ್ನಿ. ಎರಡೂ ಸಂದರ್ಭದಲ್ಲಿ ವಾದ ಮಾಡಬೇಡಿ. ಚಳಿ, ಸೆಖೆ, ಮೈಕ್ ಎಂದು ನಾನು ಮೇಲೆ ಬರೆದದ್ದನ್ನೆಲ್ಲ ಅವರೆದುರು ಒಪ್ಪಿಸಬೇಡಿ. ಅದು ನಿಮ್ಮ ಸಾಧಕಕ್ಕೆ ಬರೆದದ್ದು, ವಕಾಲತ್ತಿಗಲ್ಲ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಜಾಗ ತೋರಿಸಿದರೆ ಮಾತ್ರ ಕೂಡಲೇ ಕೆಲಸ ಶುರು ಮಾಡಿ; ಒಬ್ಬರೇ ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ಕಛೇರಿಯವರೆಗೆ ಕಾಯಿರಿ. ಹೆಬ್ಬೆರಳುಗಳ ವಿಷಯ ಬಿಡಿ. ಅರ್ಧ ಜನ ಕಛೇರಿಗೇ ಬಂದಿರಲಿಲ್ಲ.

ಈಗ ನಿಮ್ಮ ತಂಗಿಯಂಥ ಹುಡುಗಿಯ ವಿಷಯ. ‘ತಪ್ಪು ಹೇಳಬೇಕು’ ಎಂದು ಅವಳು ಕೇಳಿದ್ದಾಳೆ. ಮೊದಲ ಕಛೇರಿಗೆ ಮುಂಚೆ ಎಲ್ಲರೂ ಹಾಗೆಯೇ ಕೇಳುತ್ತಾರೆ. ನೀವು ತಿರುಗಿ ಕೇಳಿ: ‘ಯಾವುದನ್ನು ನೋಡಲಿ?’ ಅವಳೇ ಒಂದೆರಡು ಜಾಗ ಹೇಳಲಿ. ಆಲಾಪನೆಯಲ್ಲಿ ತಾರ ಸ್ಥಾಯಿಗೆ ದಾಟುವುದು, ಕಲ್ಪನಾಸ್ವರದಲ್ಲಿ ಎಡುಪಿಗೆ (ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗಕ್ಕೆ) ಬಂದು ಸೇರುವುದು, ಹೀಗೆ. ಆ ಎರಡರ ಬಗ್ಗೆ ಹೇಳಲು ನಿಮಗೆ ಅಧಿಕಾರ ಸಿಕ್ಕಿತು. ಮೂರನೆಯದು ನಿಮಗೆ ಕಂಡರೆ ಅದನ್ನು ಹೇಳಬೇಕೇ ಬೇಡವೇ ಎಂದು ಎರಡು ಸಲ ಯೋಚಿಸಿ. ನಾಲ್ಕನೆಯದನ್ನು ಹೇಳಲೇಬೇಡಿ.

ಹೇಳುವ ಕ್ರಮಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಮಾದರಿ ಇದೆ. ತುಂಗೆಯ ಆಚೆ ಈಚೆ ಇರುವ ಮತ್ತೂರು, ಹೊಸಹಳ್ಳಿಗಳು ಗಮಕ ವಾಚನಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ಪಟ್ಟಿಯಲ್ಲಿ ಕ್ಲಾರಿನೆಟ್‌ನ ಎ.ಕೆ.ಸಿ. ನಟರಾಜನ್ ಅವರೂ ಇದ್ದರು. ಕಾವ್ಯದ ಗಮಕ, ಸ್ವರದ ಗಮಕ ಎಂಬ ಎರಡು ಬೇರೆ ಬೇರೆ ಗಮಕಗಳು ಒಂದೇ ಪಟ್ಟಿಯಲ್ಲಿ ಬಂದದ್ದು ಕಂಡು ನನಗೆ ಆವತ್ತು ಬಹಳ ಖುಷಿಯಾಯಿತು. ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ. ಪದ್ಯ ನಿಂತಲ್ಲಿ ಪಕ್ಕದವರು ವ್ಯಾಖ್ಯಾನ ಮಾಡುತ್ತಾರೆ. ವ್ಯಾಖ್ಯಾನಕಾರರು ಎಂದಾದರೂ ‘ಇವರ ಕಂಠ ಇವತ್ತು ಸ್ವಲ್ಪ ಕಟ್ಟಿದೆ’ ಎಂದು ಶುರು ಮಾಡಿದ್ದನ್ನು ಕೇಳಿದ್ದೀರಾ? ಅವರು ಆಗಷ್ಟೇ ಓದಿದ ಸಾಲನ್ನೇ ಎತ್ತಿಕೊಂಡು, ಅದರಲ್ಲಿ ಏನಿದೆ ಎಂದು ಬಿಡಿಸುತ್ತಾರೆ. ನೀವೂ ಹಾಗೆಯೇ ಹಿಡಿದುಕೊಳ್ಳಿ. ‘ನಿನ್ನ ಆಲಾಪನೆ ಚೆನ್ನಾಗಿರಲಿಲ್ಲ’ ಎನ್ನುವ ಬದಲು, ‘ನೀನು ಪಂಚಮದಲ್ಲಿ ನಿಂತು ಮೇಲಿನ ಷಡ್ಜಕ್ಕೆ ಹೊರಟಾಗ ನಿಷಾದದಲ್ಲಿ ಒಂದು ತಡೆ ಕೇಳಿಸಿತು. ಎರಡನೆಯ ಸಲ ಹೋದಾಗಲೂ ಅಲ್ಲೇ ಕೇಳಿಸಿತು. ನಿನಗೆ ಅಲ್ಲಿ ಏನಾಗುತ್ತಿತ್ತು?’ ಎಂದು ಕೇಳಿ. ಆಮೇಲೆ ಸುಮ್ಮನಿರಿ. ಕಾರಣ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಕಿರುಬೆರಳು ಕೀಲಿಗೆ ಸಿಗಲಿಲ್ಲ ಅಣ್ಣ’ ಎಂದು ಅವಳೇ ಹೇಳಿದರೆ ನಿಮ್ಮ ಕೆಲಸ ಮುಗಿಯಿತು.

ಹೊಗಳುವಾಗಲೂ ಜಾಗ ತೋರಿಸಿ. ಇದನ್ನು ಜನ ಮರೆಯುತ್ತಾರೆ. ಮೊದಲ ಸಲ ನುಡಿಸುವವರಿಗೆ ತಾವು ಮಾಡಿದ ತಪ್ಪು ಎಲ್ಲವೂ ನೆನಪಿರುತ್ತದೆ, ಸರಿಯಾಗಿ ಮಾಡಿದ್ದು ಒಂದೂ ಗೊತ್ತಿರುವುದಿಲ್ಲ. ‘ಚರಣದ ಸಾಲನ್ನು ಮೂರನೆಯ ಸಂಗತಿಯಾಗಿ ಬದಲಿಸಿ ನುಡಿಸಿದಾಗ ಉಸಿರು ತೆಗೆದುಕೊಂಡ ಜಾಗ ಸಾಹಿತ್ಯದ ಪದ ಒಡೆಯದ ಹಾಗೆ ಬಿತ್ತು’ ಎಂದು ನೀವು ಹೇಳಿದರೆ, ಮುಂದಿನ ಸಲ ಅವಳು ಅದನ್ನು ಬೇಕೆಂದೇ ಮಾಡುತ್ತಾಳೆ. ಹೇಳದಿದ್ದರೆ ಅದು ಅಕಸ್ಮಾತ್ತಾಗಿ ಬಂದದ್ದು, ಅಕಸ್ಮಾತ್ತಾಗಿಯೇ ಹೋಗುತ್ತದೆ.

ಅವತ್ತು ರಾತ್ರಿ ಏನೂ ಹೇಳಬೇಡಿ. ‘ಮನೆಗೆ ಹೋಗಿ ಊಟ ಮಾಡು, ಭಾನುವಾರ ಬರುತ್ತೇನೆ’ ಎಂದಷ್ಟೇ ಹೇಳಿ, ಭಾನುವಾರ ತಪ್ಪದೆ ಹೋಗಿ. ಅವಳ ತಾಯಿ ತಂದೆಯ ಎದುರು ಬೇಡ, ಮೃದಂಗದವರ ಎದುರು ಬೇಡ. ಯಾವ ದೊಡ್ಡ ಹೆಸರಿನೊಂದಿಗೂ ಹೋಲಿಸಬೇಡಿ. ನಟರಾಜನ್ ಅವರ ಹಾಗೆ ನುಡಿಸಿದಳು ಎಂದರೆ ಸುಳ್ಳು, ಅವರ ಹಾಗೆ ನುಡಿಸಲಿಲ್ಲ ಎಂದರೆ ಅದು ಯಾರಿಗೂ ಗೊತ್ತಿರುವ ಸಂಗತಿ. ನಿಮ್ಮ ಗುರುಗಳು ಹೇಳಿಕೊಟ್ಟದ್ದಕ್ಕೆ ವಿರುದ್ಧವಾದ ಸಲಹೆ ಏನಾದರೂ ಬಾಯಿಗೆ ಬಂದರೆ ಅದನ್ನು ನುಂಗಿಕೊಂಡು ಮೊದಲು ಗುರುಗಳ ಬಳಿಯೇ ಹೋಗಿ ಕೇಳಿ. ಒಂದೇ ಮನೆಯಲ್ಲಿ ಕಲಿತವರ ನಡುವೆ ಇದು ಸೂಕ್ಷ್ಮ.

ಮತ್ತೆ, ಕಛೇರಿಯ ದಿನ ನಾಲ್ಕೋ ಐದೋ ಸಾಲಿನಲ್ಲಿ ಕುಳಿತುಕೊಳ್ಳಿ. ಅಲ್ಲಿಗೆ ವಾದ್ಯದ ಸದ್ದೂ ಸ್ಪೀಕರಿನ ಸದ್ದೂ ಕೂಡಿ ಬರುತ್ತದೆ. ಪೆನ್ನು, ಪುಸ್ತಕ ಹೊರಗೆ ತೆಗೆಯಬೇಡಿ. ವೇದಿಕೆಯಿಂದ ಎಲ್ಲ ಕಾಣುತ್ತದೆ, ನೀವು ಬರೆಯಲು ತಲೆ ತಗ್ಗಿಸಿದ ಪ್ರತಿ ಸಲವೂ ಅವಳು ಒಂದು ಸ್ವರ ಕಚ್ಚುತ್ತಾಳೆ. ನೆನಪಿಡಬೇಕಾದ್ದು ಬಂದಾಗ ಮಡಿಲಲ್ಲಿ ಒಂದು ಬೆರಳು ಮಡಚಿ. ಇನ್ನೊಂದು ಕೈಯಲ್ಲಿ ತಾಳ ಹಾಕಿ, ಅವಳಿಗೆ ಕಾಣುವ ಹಾಗೆ.